ಸೋತುಕೊಡುವ ಔದಾರ್ಯ ಯಾರಿಗೆ ಬೇಕು?

ಕಾರ್ಡ್ ಆಟದ ಅಂಗಡಿಗಳಲ್ಲಿ ಒಂದು ನೀತಿಬೋಧೆ ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ವಾರಕ್ಕೊಮ್ಮೆ ನಡೆಯುವ ಸಣ್ಣ ಪಂದ್ಯಾವಳಿಗೆ ಬಂದವರು ಗೆಲ್ಲಬೇಕೆಂದು ಹಟ ಹಿಡಿದು ಆಡಬಾರದಂತೆ. ಹಾಗೆ ಆಡಿದವನಿಗೆ ‘ಟ್ರೈಹಾರ್ಡ್’ ಎಂಬ ಬಿರುದು ಕಾದಿರುತ್ತದೆ. ಅವನ ಡೆಕ್ ಚೆನ್ನಾಗಿದ್ದರೆ ಅದು ಇಂಟರ್‌ನೆಟ್ಟಿನಿಂದ ಕದ್ದ ‘ನೆಟ್‌ಡೆಕ್’. ಒಂದು ನಡೆಗೆ ಅರ್ಧ ನಿಮಿಷ ಯೋಚಿಸಿದರೆ ‘ಇದೇನು ವರ್ಲ್ಡ್ ಚಾಂಪಿಯನ್‌ಶಿಪ್ಪಾ?’ ಎಂದು ಪಕ್ಕದ ಮೇಜಿನಿಂದ ಕುಟುಕು. ಇದನ್ನು ಹೇಳುವವರು ಕೆಟ್ಟವರಲ್ಲ, ಬಹುತೇಕ ಸಜ್ಜನರೇ. ಹೊಸಬರು ಹೆದರಿ ಓಡಬಾರದು, ಎಲ್ಲರೂ ನಗುನಗುತ್ತ ಮನೆಗೆ ಹೋಗಬೇಕು ಎಂಬ ಕಾಳಜಿ ಅವರದು. ಕಾಳಜಿಯ ಮುಖ ಹೊತ್ತಿರುವುದರಿಂದಲೇ ಈ ಬೋಧೆಯನ್ನು ಯಾರೂ ತಿರುಗಿ ಪ್ರಶ್ನಿಸಿಲ್ಲ. ನನ್ನ ಪ್ರಕಾರ ಇದು ಹುಸಿ ಸೌಜನ್ಯ, ಯಾರನ್ನು ಕಾಪಾಡುತ್ತೇನೆಂದು ಹೊರಟಿದೆಯೋ ಮೊದಲು ಅವರನ್ನೇ ಕೆಡಿಸುವಂಥದ್ದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಹೇಳುತ್ತಿರುವುದು ಮುಖ್ಯವಾಗಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಬಗ್ಗೆ. ಗಣಿತದ ಮೇಷ್ಟ್ರು ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ಈ ಆಟವನ್ನು 1993ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹೊರತಂದಿತು. ಪೊಕೆಮಾನ್, ಯು-ಗಿ-ಓ ಕಾರ್ಡುಗಳೆಲ್ಲ ಇದರ ನಂತರದವು. ಇಸ್ಪೀಟಿನಲ್ಲಿ ಎಲ್ಲರ ನಡುವೆಯೂ ಅದೇ 52 ಎಲೆ. ಇಲ್ಲಿ ಸಾವಿರಾರು ಬಗೆಯ ಕಾರ್ಡುಗಳಿಂದ ಆರಿಸಿ ನಿಮ್ಮ ಡೆಕ್ಕನ್ನು ನೀವೇ ಕಟ್ಟಿಕೊಂಡು ಬರಬೇಕು. 2000ದಲ್ಲಿ ಶುರುವಾದ ‘ಫ್ರೈಡೇ ನೈಟ್ ಮ್ಯಾಜಿಕ್’ ಈ ಆಟದ ವಾರದ ಸಂತೆ. ಶುಕ್ರವಾರ ಸಂಜೆ ಅಂಗಡಿಗೆ ಹೋಗಿ ಸಣ್ಣ ಶುಲ್ಕ ಕಟ್ಟಿದರೆ ಮೂರು ನಾಲ್ಕು ರೌಂಡು ಆಟ, ಗೆದ್ದವರಿಗೆ ಒಂದೆರಡು ಬೂಸ್ಟರ್ ಪ್ಯಾಕೆಟ್ (ಹೊಸ ಕಾರ್ಡುಗಳ ಮುಚ್ಚಿದ ಪೊಟ್ಟಣ) ಹೆಚ್ಚು. ಕಾರ್ಡುಗಳ ಹೊಸ ಸರಣಿ ಮಾರುಕಟ್ಟೆಗೆ ಬರುವ ಮುಂಚಿನ ವಾರ ‘ಪ್ರೀರಿಲೀಸ್’ ಎಂಬ ಇನ್ನೂ ಹಗುರಾದ ಪಂದ್ಯ. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗೆ ವಾರಾಂತ್ಯದಲ್ಲಿ ಹೊಕ್ಕವರಿಗೂ ಈ ಪ್ಲಾಸ್ಟಿಕ್ ಕವಚ ತೊಟ್ಟ ಕಾರ್ಡುಗಳ ಕಟ್ಟು ಅಪರಿಚಿತವಲ್ಲ.

ಇಂಥ ಪಂದ್ಯ ಹಗುರವಾಗಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಜಗಳವಿರುವುದು ಆ ಹಗುರ ಎಲ್ಲಿಂದ ಬರಬೇಕು ಎಂಬಲ್ಲಿ. ಆಟದ ಚರಿತ್ರೆಯೇ ಇದಕ್ಕೆ ಉತ್ತರ ಕೊಟ್ಟಿದೆ. 1993ರ ಮೂಲ ನಿಯಮದಲ್ಲಿ ‘ಆಂಟಿ’ ಎಂಬ ಪಣದ ಪದ್ಧತಿಯಿತ್ತು. ಆಟ ಶುರುವಾಗುವ ಮುಂಚೆ ಇಬ್ಬರೂ ತಮ್ಮ ಡೆಕ್ಕಿನಿಂದ ಒಂದೊಂದು ಕಾರ್ಡನ್ನು ಪಕ್ಕಕ್ಕಿಡಬೇಕು, ಗೆದ್ದವನು ಎರಡನ್ನೂ ಮನೆಗೊಯ್ಯುತ್ತಾನೆ. ದುಡ್ಡು ಕೊಟ್ಟು ಕೊಂಡ ಕಾರ್ಡು ಕಣ್ಣೆದುರೇ ಕೈಬಿಟ್ಟು ಹೋಗುವುದು ಹೆಚ್ಚಿನವರಿಗೆ ಸಹಿಸಲಾಗಲಿಲ್ಲ. ಆಗ ಯಾರೂ ‘ಸ್ವಲ್ಪ ಮೆತ್ತಗೆ ಆಡಿ’ ಎಂದು ಬೋಧಿಸಲಿಲ್ಲ. ಪಣದ ಪದ್ಧತಿಯೇ ಮೂಲೆಗೆ ಸರಿಯಿತು, ಅದಕ್ಕೆ ಸಂಬಂಧಿಸಿದ ಕಾರ್ಡುಗಳನ್ನು ಪಂದ್ಯಗಳಲ್ಲಿ ನಿಷೇಧಿಸಿದರು. ಇನ್ನೊಂದು ಉದಾಹರಣೆ. ಆರಂಭದಲ್ಲಿ ಒಂದೇ ಕಾರ್ಡಿನ ಎಷ್ಟು ಪ್ರತಿ ಬೇಕಾದರೂ ಡೆಕ್ಕಿಗೆ ತುಂಬಬಹುದಿತ್ತು. ಮಿಂಚು ಬಡಿಯುವ ಒಂದೇ ಮಂತ್ರವನ್ನು ಇಪ್ಪತ್ತು ಸಲ ತುರುಕಿಕೊಂಡು ಬಂದವನ ಎದುರು ಕೂರುವುದು ಎಂಥ ಬೇಸರ! ಅದಕ್ಕೂ ಮದ್ದು ಬರವಣಿಗೆಯಲ್ಲೇ ಬಂತು: ಒಂದು ಕಾರ್ಡಿನ ನಾಲ್ಕೇ ಪ್ರತಿ. ಎರಡು ಸಲವೂ ಆಟ ಮೆದುವಾದದ್ದು ನಿಯಮ ಬದಲಾದದ್ದರಿಂದ, ಆಟಗಾರ ತನ್ನ ಬುದ್ಧಿಯನ್ನು ಅರ್ಧ ಮುಚ್ಚಿಟ್ಟುಕೊಂಡದ್ದರಿಂದಲ್ಲ.

ಇಂದಿಗೂ ಹಾಗೆಯೇ. ಮ್ಯಾಜಿಕ್ ಪಂದ್ಯಗಳಿಗೆ ನಿಯಮಪಾಲನೆಯ ಮೂರು ಹಂತಗಳಿವೆ: ರೆಗ್ಯುಲರ್, ಕಾಂಪಿಟಿಟಿವ್, ಪ್ರೊಫೆಷನಲ್. ಶುಕ್ರವಾರದ ಆಟ, ಪ್ರೀರಿಲೀಸ್ ಎರಡೂ ಕೆಳಗಿನ ರೆಗ್ಯುಲರ್ ಹಂತದವು. ಮೇಲಿನ ಹಂತಗಳಲ್ಲಿ ಡೆಕ್ ಪಟ್ಟಿಯಲ್ಲಿ ತಪ್ಪಿದ್ದರೆ ಒಂದು ಆಟವನ್ನೇ ಕಳೆದುಕೊಳ್ಳಬಹುದು. ಇಲ್ಲಿ ಜಡ್ಜ್ ಬಂದು ತಪ್ಪನ್ನು ಸರಿಪಡಿಸಿ, ಏಕೆ ತಪ್ಪು ಎಂದು ಹೇಳಿಕೊಟ್ಟು ಹೋಗುತ್ತಾರೆ. ಅವರ ಕೈಪಿಡಿಯ ಒತ್ತೆಲ್ಲ ಕಲಿಸುವುದರ ಮೇಲೆ, ದಂಡದ ಮೇಲಲ್ಲ. ತಪ್ಪಿ ಒಂದು ಕಾರ್ಡ್ ಇಟ್ಟವನು ಅದರಿಂದ ಹೊಸದೇನನ್ನೂ ತಿಳಿದುಕೊಳ್ಳುವ ಮೊದಲೇ ‘ಅಯ್ಯೋ, ಇದಲ್ಲ’ ಎಂದರೆ ಹಿಂದಕ್ಕೆ ತೆಗೆದುಕೊಳ್ಳಲು ಅವಕಾಶವಿದೆ. ಮೆತ್ತನೆಯ ಹಾಸಿಗೆಯನ್ನು ನಿಯಮವೇ ಹಾಸಿಟ್ಟಿದೆ. ಅದೇ ರೆಗ್ಯುಲರ್ ಹಂತದಲ್ಲೂ ಮೋಸ ಮಾಡಿದವನನ್ನು, ಪಂದ್ಯ ಬಿಟ್ಟುಕೊಡು ಎಂದು ಎದುರಾಳಿಗೆ ಹಣದ ಆಸೆ ತೋರಿಸಿದವನನ್ನು ಹೊರಗೆ ಹಾಕುತ್ತಾರೆ. ಎಂದರೆ ಆಟಗಾರನ ಮರೆವಿಗೆ, ಅಜ್ಞಾನಕ್ಕೆ ಇಲ್ಲಿ ಕ್ಷಮೆಯುಂಟು. ಫಲಿತಾಂಶವನ್ನು ತಿರುಚುವುದಕ್ಕೆ ಇಲ್ಲ.

ಇನ್ನು ಈ ಬೋಧಕರು ಎಂದೂ ಲೆಕ್ಕ ಹಾಕಿ ನೋಡದ ವಿಷಯಕ್ಕೆ ಬರೋಣ. ಈ ಪಂದ್ಯಗಳು ನಡೆಯುವುದು ‘ಸ್ವಿಸ್’ ಪದ್ಧತಿಯಲ್ಲಿ. 1895ರಲ್ಲಿ ಜ್ಯೂರಿಕ್‌ನ ಚೆಸ್ ಪಂದ್ಯಾವಳಿಯಲ್ಲಿ ಬಳಕೆಗೆ ಬಂದ ಈ ಪದ್ಧತಿಯ ಚೆಲುವು ಇಷ್ಟು: ಸೋತವರನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಪ್ರತಿ ರೌಂಡಿನಲ್ಲೂ ನಿಮ್ಮಷ್ಟೇ ಅಂಕ ಪಡೆದವರ ಎದುರಿಗೆ ನಿಮ್ಮನ್ನು ಕೂರಿಸುತ್ತಾರೆ. 16 ಜನ, ನಾಲ್ಕು ರೌಂಡು, ಡ್ರಾ ಯಾವುದೂ ಇಲ್ಲ ಎಂದಿಟ್ಟುಕೊಳ್ಳಿ. ಕೊನೆಗೆ ನಾಲ್ಕೂ ಗೆದ್ದವನು ಒಬ್ಬ, ಮೂರು ಗೆದ್ದವರು ನಾಲ್ವರು, ಎರಡು ಗೆದ್ದವರು ಆರು ಮಂದಿ, ಒಂದು ಗೆದ್ದವರು ನಾಲ್ವರು, ಒಂದನ್ನೂ ಗೆಲ್ಲದವನು ಒಬ್ಬ. ಗುಂಪಿನ ದೊಡ್ಡ ಪಾಲು ಗೆಲುವು ಸೋಲು ಎರಡನ್ನೂ ಕಂಡು ಹೋಗುತ್ತದೆ. ರಾತ್ರಿ ಮುಂದುವರಿದಂತೆ ಪಳಗಿದವರು ಮೇಲಿನ ಮೇಜುಗಳಿಗೆ ಸರಿಯುತ್ತಾರೆ, ಹೊಸಬರು ಹೊಸಬರನ್ನೇ ಎದುರುಗೊಳ್ಳುತ್ತಾರೆ. ಹೊಸಬನಿಗೆ ಬೇಕಾದ ರಕ್ಷಣೆ ಯಾರ ಔದಾರ್ಯವೂ ಇಲ್ಲದೆ ತಾನಾಗಿ ಒದಗುವ ಏರ್ಪಾಟು ಇದು. ಇದು ಕೆಲಸ ಮಾಡಲು ಬೇಕಾದದ್ದು ಒಂದೇ: ಎಲ್ಲರೂ ಮನಸ್ಸಿಟ್ಟು ಆಡಬೇಕು.

ಈಗ ಆ ಬೋಧೆಯನ್ನು ಮನಸ್ಸಿಗೆ ತೆಗೆದುಕೊಂಡ ನಮ್ಮ ಉದಾರಿಯನ್ನು ಈ ಪದ್ಧತಿಯೊಳಗೆ ಬಿಡಿ. ಮೊದಲ ರೌಂಡಿನಲ್ಲಿ ಎದುರಿಗಿದ್ದ ಹುಡುಗನ ಮುಖ ನೋಡಿ ಕರಗಿ, ಅವನಿಗೆ ತಿಳಿಯದ ಹಾಗೆ ಸೋತುಕೊಡುತ್ತಾನೆ. ಪರಿಣಾಮ? ಎರಡನೇ ರೌಂಡಿನಲ್ಲಿ ಆ ಹುಡುಗ ಗೆದ್ದವರ ಸಾಲಿಗೆ ಹೋಗಿ ನಿಜವಾದ ಪಳಗಿದ ಕೈಗೆ ಸಿಕ್ಕಿ ಚಿಂದಿಯಾಗುತ್ತಾನೆ. ಉದಾರಿ ಸೋತವರ ಸಾಲಿಗೆ ಇಳಿದು, ಅಂದೇ ಮೊದಲ ಬಾರಿಗೆ ಬಂದು ಮೊದಲ ಆಟ ಸೋತಿರುವ ಇನ್ನೊಬ್ಬ ಬಡಪಾಯಿಯ ಎದುರು ಕೂರುತ್ತಾನೆ. ಅವನಿಗೂ ಸೋತುಕೊಡಬೇಕೇ? ಕೊಟ್ಟರೆ ಮೂರನೇ ರೌಂಡಿನಲ್ಲಿ ಇದೇ ಕಥೆ, ಕೊಡದಿದ್ದರೆ ಆ ಬಡಪಾಯಿ ಮಾಡಿದ ಪಾಪವೇನು? ಸಮ ಅಂಕ ಬಂದಾಗ ಯಾರು ಮೇಲೆ ಎಂಬುದನ್ನು ನಿರ್ಧರಿಸುವ ಟೈಬ್ರೇಕರ್ ಕೂಡ ಇದರಿಂದ ಹಾಳು. ನಿಮ್ಮ ಎದುರಾಳಿಗಳು ಒಟ್ಟಾರೆ ಎಷ್ಟು ಗೆದ್ದರು ಎಂಬುದು ಅದರಲ್ಲಿ ಮೊದಲ ಲೆಕ್ಕ. ಉದಾರಿಯೊಡನೆ ನಿಜವಾಗಿ ಸೆಣಸಿದವರೆಲ್ಲ ಅವನ ದಾನಶೂರತನಕ್ಕೆ ತಮ್ಮ ಸ್ಥಾನದಿಂದ ತೆರಿಗೆ ಕಟ್ಟುತ್ತಾರೆ. ಒಬ್ಬನ ಸಜ್ಜನಿಕೆಗೆ ಇಡೀ ಕೋಣೆ ಬೆಲೆ ತೆರುವುದು ಎಂಥ ಸಜ್ಜನಿಕೆ?

‘ನಿಯಮವೇ ಯಾವಾಗ ಬೇಕಾದರೂ ಸೋಲೊಪ್ಪಲು ಬಿಡುತ್ತದಲ್ಲ’ ಎಂದು ಕೆಲವರು ವಾದಿಸುತ್ತಾರೆ. ಬಿಡುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಕೈ ಚಾಚಿ ‘ನೀವೇ ಗೆದ್ದಿರಿ’ ಎನ್ನುವವನ ಮೇಲೆ ನನಗೆ ತಕರಾರಿಲ್ಲ. ಅದು ಬೆಳಕಿನಲ್ಲಿ ನಡೆಯುವ ವ್ಯವಹಾರ, ಇಬ್ಬರಿಗೂ ಏನಾಯಿತೆಂದು ಗೊತ್ತು. ನಾನು ಹೇಳುತ್ತಿರುವುದು ಎದುರಾಳಿಯ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಇಲ್ಲದವನಂತೆ ಮುಖ ಮಾಡುವ ನಟನೆಯ ಬಗ್ಗೆ.

ಈ ನಟನೆಗೆ ತತ್ವಶಾಸ್ತ್ರದಲ್ಲೂ ಜಾಗವಿದೆ, ಗೌರವದ ಜಾಗವಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಬರ್ನಾರ್ಡ್ ಸೂಟ್ಸ್ 1978ರ ‘ದ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಆಟವನ್ನು ಆಡದೇ ಇರುವ ಮೂರು ಬಗೆಯವರನ್ನು ವಿಂಗಡಿಸುತ್ತಾರೆ. ಮೋಸಗಾರನಿಗೆ ಗುರಿ ಬೇಕು, ನಿಯಮ ಬೇಡ. ಆಟ ಕೆಡಿಸುವವನಿಗೆ ಗುರಿಯೂ ಬೇಡ, ನಿಯಮವೂ ಬೇಡ. ಮೂರನೆಯವನು ಚೆಲ್ಲಾಟದವನು. ಅವನು ಒಂದು ನಿಯಮವನ್ನೂ ಮುರಿಯುವುದಿಲ್ಲ, ಗೆಲ್ಲುವ ಗುರಿಯೊಂದನ್ನು ಮಾತ್ರ ಕೈಬಿಟ್ಟಿರುತ್ತಾನೆ. ನಮ್ಮ ಅಂಗಡಿಗಳ ನೀತಿಬೋಧೆ ಎಲ್ಲರಿಗೂ ಆಗಿ ಎಂದು ಕೇಳುವುದು ಈ ಮೂರನೆಯವನನ್ನೇ. 2020ರಲ್ಲಿ ‘ಗೇಮ್ಸ್: ಏಜೆನ್ಸಿ ಆ್ಯಸ್ ಆರ್ಟ್’ ಬರೆದ ಸಿ. ಥಿ ಗುಯೆನ್ ಇದನ್ನು ಇನ್ನೂ ನಯವಾಗಿ ಬಿಡಿಸುತ್ತಾರೆ. ಕೆಲವರಿಗೆ ಗೆಲುವೇ ಬೇಕು. ಬಹಳಷ್ಟು ಜನರಿಗೆ ಬೇಕಾದದ್ದು ಸೆಣಸಾಟ, ಆ ಸೆಣಸಾಟ ಸಿಗಲೆಂದು ಅವರು ಗೆಲ್ಲುವ ಆಸೆಯನ್ನು ಆ ಹೊತ್ತಿಗೆ ತೊಟ್ಟುಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಯಾರು ಗೆದ್ದರೆಂಬುದು ಅವರಿಗೆ ಮರೆತೇಹೋಗಬಹುದು. ಆದರೆ ಆಡುವಾಗ ಆ ಆಸೆ ನಿಜವಾಗಿರಲೇಬೇಕು, ಇಲ್ಲದಿದ್ದರೆ ಸೆಣಸಾಟ ಹುಟ್ಟುವುದೇ ಇಲ್ಲ. ಸಂತೋಷಕ್ಕಾಗಿ ಆಡುವುದು ಬೇರೆ, ಗೆಲ್ಲಲು ಆಡುವುದು ಬೇರೆ ಎಂಬ ಹಳೆಯ ವಾದ ಇಲ್ಲಿಗೆ ಬಂದು ನಿಂತುಹೋಗುತ್ತದೆ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವರು ಎದುರಿನ ಕೌರವನಿಗೆ ಬೇಸರವಾದೀತೆಂದು ಮೊನಚಿನ ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು ಕೂತರೆ ಅದನ್ನು ಸೌಜನ್ಯವೆಂದು ಯಾರೂ ಹೊಗಳುವುದಿಲ್ಲ, ಪ್ರಸಂಗ ಕೆಟ್ಟಿತು ಎನ್ನುತ್ತಾರೆ. ಹೆಚ್ಚು ನೊಂದುಕೊಳ್ಳುವವರು ಕೌರವನ ಅರ್ಥಧಾರಿಯೇ.

ಅದೃಷ್ಟದ ವಾದವೂ ಒಂದಿದೆ. ‘ಎಲ್ಲ ಎಲೆ ಬಿದ್ದ ಹಾಗೆ, ಅದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು?’ ಎಲೆ ಬೀಳುವುದು ನಿಜ. ಪ್ರೀರಿಲೀಸ್‌ನ 40 ಕಾರ್ಡಿನ ಡೆಕ್ಕಿನಲ್ಲಿ ವಾಡಿಕೆಯಂತೆ 17 ಲ್ಯಾಂಡ್ (ಉಳಿದ ಕಾರ್ಡುಗಳನ್ನು ಆಡಲು ಶಕ್ತಿ ಒದಗಿಸುವ ಕಾರ್ಡು) ಇಟ್ಟರೆ ಮೊದಲ ಏಳು ಕಾರ್ಡಿನ ಕೈಯಲ್ಲಿ ಸರಾಸರಿ ಮೂರಕ್ಕೆ ತುಸು ಕಡಿಮೆ ಲ್ಯಾಂಡ್ ಬರುತ್ತವೆ. ಲ್ಯಾಂಡ್ ಇಲ್ಲದ, ಒಂದೇ ಇರುವ, ಅಥವಾ ಆರೇಳು ಲ್ಯಾಂಡೇ ತುಂಬಿದ ಕೆಟ್ಟ ಕೈ ಸುಮಾರು ಎಂಟಕ್ಕೊಂದು ಸಲ ಎದುರಾಗುತ್ತದೆ. ಆಗ ಏನು ಮಾಡಬೇಕು? ಕೈಯನ್ನು ವಾಪಸ್ ಹಾಕಿ ಮತ್ತೆ ಏಳು ಎಳೆದು, ಅದರಲ್ಲೊಂದನ್ನು ಡೆಕ್ಕಿನ ಅಡಿಗೆ ಸೇರಿಸುವುದು 2019ರಿಂದ ಇರುವ ಮಲ್ಲಿಗನ್ ನಿಯಮ. ಎರಡು ಲ್ಯಾಂಡಿನ ಕೈಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬಲ್ಲೇ ಆಟಗಾರನ ತೂಕ ಗೊತ್ತಾಗುತ್ತದೆ. ಎಲೆ ಬೀಳುವ ಆಟದಲ್ಲೂ ಕೌಶಲ ಮೇಲುಗೈಯಾಗಬಲ್ಲದು ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 1967ರಲ್ಲೇ ರಮ್ಮಿಯ ಪ್ರಕರಣದಲ್ಲಿ ಹೇಳಿ ಮುಗಿಸಿದೆ. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ತಿಳಿದಿರಬೇಕು ಎಂಬುದೇ ಅದರ ತರ್ಕ.

ಅದೃಷ್ಟವಿದೆ ಎಂಬ ಕಾರಣಕ್ಕೇ ಇನ್ನೂ ಹೆಚ್ಚು ಪ್ರಾಮಾಣಿಕವಾಗಿ ಆಡಬೇಕು ಎನ್ನುತ್ತೇನೆ ನಾನು. ಹೊಸಬ ಕಲಿಯುವುದು ಹೇಗೆ? ಒಂದು ನಡೆ ಮಾಡುತ್ತಾನೆ, ಏನಾಯಿತೆಂದು ನೋಡುತ್ತಾನೆ. ಕೆಟ್ಟ ನಡೆಗೂ ಒಳ್ಳೆಯ ಎಲೆ ಬಿದ್ದು ಗೆಲ್ಲಬಹುದು, ಒಳ್ಳೆಯ ನಡೆಗೂ ಲ್ಯಾಂಡ್ ಬಾರದೆ ಸೋಲಬಹುದು. ಆಗಲೇ ಕದಡಿದ ಈ ನೀರಿಗೆ ನಿಮ್ಮ ಗುಪ್ತದಾನವನ್ನೂ ಸುರಿದರೆ ಅವನಿಗೆ ತಳ ಕಾಣುವುದು ಎಂದಿಗೆ? ತನ್ನ ಎಲ್ಲ ಸೈನಿಕರನ್ನೂ ಒಮ್ಮೆಗೇ ನುಗ್ಗಿಸಿದ್ದರಿಂದ ಗೆದ್ದೆನೆಂದು ನಂಬಿ ಮುಂದಿನ ವಾರವೂ ಹಾಗೇ ನುಗ್ಗಿಸಿ ಮಣ್ಣು ಮುಕ್ಕುತ್ತಾನೆ. ಹೊಸಬನಿಗೆ ಸಹಾಯ ಮಾಡುವ ಹೊತ್ತು ಆಟ ಮುಗಿದ ಮೇಲೆ ಬರುತ್ತದೆ. ರೌಂಡಿಗೆ 50 ನಿಮಿಷ ಇರುತ್ತದೆ, ಬೇಗ ಮುಗಿದರೆ ಕಾರ್ಡುಗಳನ್ನು ಮೇಜಿನ ಮೇಲೆ ಮತ್ತೆ ಹರಡಿ ‘ಇಲ್ಲಿ ನೀನು ತಡೆಯುವುದು ಬಿಟ್ಟು ಹೊಡೆದಿದ್ದರೆ ನನ್ನ ಕಥೆ ಮುಗಿದಿತ್ತು’ ಎಂದು ತೋರಿಸಬಹುದು. ಸೋಲಿಸಿ ಹೀಗೆ ಹೇಳಿಕೊಟ್ಟವರನ್ನು ಹುಡುಗರು ಮುಂದಿನ ವಾರ ಹುಡುಕಿಕೊಂಡು ಬರುವುದನ್ನು ಕಂಡಿದ್ದೇನೆ. ಸೋತುಕೊಟ್ಟವರನ್ನು ಹುಡುಕಿ ಬಂದದ್ದನ್ನು ಕಂಡಿಲ್ಲ. ಮಕ್ಕಳ ಮೂಗು ಬಹಳ ಚುರುಕು, ದೊಡ್ಡವರ ಕನಿಕರ ಎಲ್ಲಿ ಕುಳಿತಿದ್ದರೂ ಅವರಿಗೆ ವಾಸನೆ ಬಡಿಯುತ್ತದೆ. ತೀರ ಚಿಕ್ಕವರನ್ನು ದೊಡ್ಡವರೆದುರು ಕೂರಿಸುವುದು ಅನ್ಯಾಯವೆನಿಸಿದರೆ ಅದಕ್ಕೂ ದಾರಿಯಿದೆ. ಪೊಕೆಮಾನ್‌ನ ಅಧಿಕೃತ ಪಂದ್ಯಗಳಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ಸ್ ಎಂದು ವಯಸ್ಸಿನ ವಿಭಾಗಗಳೇ ಇವೆ.

ದುಡ್ಡಿದ್ದವರೇ ಗೆಲ್ಲುತ್ತಾರೆ ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. ಸ್ವಂತ ಡೆಕ್ ತರುವ ಪಂದ್ಯಗಳಲ್ಲಿ ಜೇಬು ದೊಡ್ಡದಿದ್ದವನಿಗೆ ಅನುಕೂಲ ಹೆಚ್ಚು, ಇದನ್ನು ಅಲ್ಲಗಳೆದರೆ ಸುಳ್ಳಾಡಿದಂತೆ. ಪ್ಯಾಕೆಟ್ಟಿನೊಳಗೆ ಏನಿದೆಯೆಂದು ತೋರಿಸದೆ ಮಾರುವುದು ಕಂಪನಿಯ ವ್ಯಾಪಾರ. ಕೆಲವು ಹಳೆಯ ಕಾರ್ಡುಗಳನ್ನು ಮರುಮುದ್ರಿಸುವುದಿಲ್ಲವೆಂದು 1996ರಲ್ಲಿ ಕೊಟ್ಟ ಮಾತಿಗೆ ಇಂದಿಗೂ ಅಂಟಿಕೊಂಡು ಅವುಗಳ ಬೆಲೆ ಮುಗಿಲು ಮುಟ್ಟಲು ಬಿಟ್ಟದ್ದೂ ಕಂಪನಿಯೇ. ಆ ಸಿಟ್ಟನ್ನು ಎದುರು ಕೂತ ಕಾಲೇಜು ಹುಡುಗನ ಮೇಲೆ ತೀರಿಸಿಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ದುಡ್ಡಿನ ಅಂತರ ಬೇಡವೆಂದರೆ ಪ್ರೀರಿಲೀಸ್‌ಗೆ ಬನ್ನಿ: ಎಲ್ಲರಿಗೂ ಆರಾರು ಪ್ಯಾಕೆಟ್, ಅಲ್ಲೇ ಒಡೆದು ಅಲ್ಲೇ ಕಟ್ಟಿದ ಡೆಕ್. ಸರಣಿ ಹೊಸದಾದ್ದರಿಂದ ನಕಲು ಮಾಡಲು ನೆಟ್‌ಡೆಕ್ ಕೂಡ ಇಲ್ಲ. ತಮಾಷೆಯೆಂದರೆ ಅಲ್ಲೂ ‘ಟ್ರೈಹಾರ್ಡ್’ ಎಂಬ ಬೈಗುಳ ಕೇಳಿಬರುತ್ತದೆ. ಹಾಗಾದರೆ ಕಣ್ಣು ಕುಕ್ಕುತ್ತಿದ್ದದ್ದು ದುಡ್ಡಾಗಲಿ ನಕಲಾಗಲಿ ಅಲ್ಲ ಎಂದಾಯಿತು.

ಕಣ್ಣು ಕುಕ್ಕುವುದು ಸೋಲು. ‘ಸುಮ್ಮನೆ ತಮಾಷೆಗೆ’ ಎಂದು ಕೂತವರು ಸೋತಾಗ ಮುಖ ಊದಿಸಿಕೊಳ್ಳುವ ರೀತಿ ನೋಡಿದವರಿಗೆ ಇದು ಗೊತ್ತು. ಗೆಲ್ಲುವ ಆಸೆ ಅವರಿಗೂ ಇದೆ, ಒಪ್ಪಿಕೊಳ್ಳುವ ಧೈರ್ಯವಿಲ್ಲ. ಮೊದಲೇ ‘ನಾನು ಸೀರಿಯಸ್ ಆಗಿ ಆಡುತ್ತಿಲ್ಲ’ ಎಂದು ಸಾರಿಬಿಟ್ಟರೆ ಗೆದ್ದಾಗ ಪ್ರತಿಭೆ, ಸೋತಾಗ ಉದಾಸೀನ. ಎರಡೂ ಕಡೆ ಲಾಭದ ವ್ಯಾಪಾರ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈ ಬೋಧೆಯ ನಿಜವಾದ ಕೇಡು ಬೇರೆಡೆ ಇದೆ. ಇದಕ್ಕೆ ಬರೆದ ನಿಯಮವಿಲ್ಲ. ಎಷ್ಟು ಬಲವಾದ ಡೆಕ್ ತಂದರೆ ಅತಿಯಾಯಿತು, ಕಾರ್ಡುಗಳ ಯಾವ ಜೋಡಣೆ (ಕಾಂಬೊ) ‘ಕೊಳಕು’, ಎದುರಾಳಿಯ ಲ್ಯಾಂಡ್ ನಾಶ ಮಾಡುವುದು ಸಭ್ಯವೇ ಅಸಭ್ಯವೇ ಎಂಬುದೆಲ್ಲ ಆ ಅಂಗಡಿಯ ಹಳಬರ ತಲೆಯೊಳಗಿನ ಸಂವಿಧಾನ. ಬೆಂಗಳೂರಿನಿಂದ ಓದಲೆಂದು ಅಮೆರಿಕದ ಯಾವುದೋ ಸಣ್ಣ ಊರಿಗೆ ಹೋದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಶುಕ್ರವಾರ ಸಂಜೆ ಅಂಗಡಿಗೆ ಹೋಗುತ್ತಾಳೆ. ಅಲ್ಲಿನವರ ಹಾಸ್ಯ ಅವಳಿಗೆ ಅರ್ಥವಾಗುವುದಿಲ್ಲ, ಯಾರು ಯಾರ ಗೆಳೆಯರೋ ಗೊತ್ತಿಲ್ಲ. ಅವಳಿಗೂ ಅವರಿಗೂ ಸಮಾನವಾಗಿ ಗೊತ್ತಿರುವುದು ಒಂದೇ, ಅಚ್ಚಾದ ಆಟದ ನಿಯಮ. ಆ ನಿಯಮದಂತೆ ಚೆನ್ನಾಗಿ ಆಡಿ ಗೆದ್ದರೆ ‘ಇಲ್ಲಿ ನಾವು ಹಾಗೆಲ್ಲ ಆಡುವುದಿಲ್ಲ’ ಎಂಬ ಮಾತು ಕೇಳುತ್ತಾಳೆ. ಹೊಸಬರಿಗಾಗಿಯೇ ಇರುವುದೆಂದು ಹೇಳಿಕೊಳ್ಳುವ ನೀತಿ ಹೊಸಬರನ್ನು ಹೊರಗಿಡುವುದು ಹೀಗೆ. ಬರೆದ ನಿಯಮದ ಎದುರು ಜಡ್ಜನ್ನು ಕರೆಯಬಹುದು. ಹಳಬರ ಮುಖಭಾವದ ಎದುರು ಯಾರನ್ನು ಕರೆಯುವುದು?

ಮ್ಯಾಜಿಕ್‌ನದೇ ಕಮಾಂಡರ್ ಎಂಬ ಆಟದ ಬಗೆಯಲ್ಲಿ ನಡೆದದ್ದು ಇದಕ್ಕೆ ದೊಡ್ಡ ಸಾಕ್ಷಿ. 100 ಕಾರ್ಡಿನ ಡೆಕ್, ಮೂಲ ಲ್ಯಾಂಡುಗಳನ್ನು ಬಿಟ್ಟರೆ ಪ್ರತಿಯೊಂದರದೂ ಒಂದೇ ಪ್ರತಿ, ಸಾಮಾನ್ಯವಾಗಿ ಒಂದು ಮೇಜಿಗೆ ನಾಲ್ವರು. ಗೆಲುವಿಗಿಂತ ಒಡನಾಟ ಮುಖ್ಯ ಎಂಬುದು ಇದರ ಹೆಮ್ಮೆ. ಆಟಕ್ಕೆ ಮುಂಚೆ ಮಾತಾಡಿಕೊಂಡು ಡೆಕ್‌ಗಳ ಬಲ ಹೊಂದಿಸಿಕೊಳ್ಳಿ ಎಂದಿತು ಸಂಪ್ರದಾಯ. ಎಲ್ಲರೂ ತಮ್ಮ ಡೆಕ್ಕಿಗೆ ಹತ್ತಕ್ಕೆ ಏಳು ಎಂದರು! ಅದು ಲೋಕಪ್ರಸಿದ್ಧ ನಗೆಚಟಾಕಿಯಾಯಿತು. 2024ರ ಸೆಪ್ಟೆಂಬರಿನಲ್ಲಿ ಈ ಆಟವನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರ ಸಮಿತಿ ಮನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಮುಂತಾದ ದುಬಾರಿ ಕಾರ್ಡುಗಳನ್ನು ನಿಷೇಧಿಸಿದಾಗ ಸದಸ್ಯರಿಗೆ ಬೆದರಿಕೆಗಳು ಬಂದವು, ಅವರು ಹೊಣೆಯನ್ನು ಕಂಪನಿಗೇ ಒಪ್ಪಿಸಿ ಹಿಂದೆ ಸರಿದರು. ಒಡನಾಟವೇ ಮುಖ್ಯ ಎಂದವರ ಮನೆಯಲ್ಲಿ ಇದು! 2025ರ ಫೆಬ್ರವರಿಯಲ್ಲಿ ಕಂಪನಿ ಡೆಕ್‌ಗಳ ಬಲವನ್ನು ಐದು ಮೆಟ್ಟಿಲಾಗಿ ವಿಂಗಡಿಸುವ ಕರಡನ್ನು ಮುಂದಿಟ್ಟಿತು. ಯಾವ ಮೆಟ್ಟಿಲಲ್ಲಿ ಏನಿರಬಹುದು ಏನಿರಬಾರದು ಎಂದು ಈಗ ಬರವಣಿಗೆಯಲ್ಲಿದೆ. ಮನಸ್ಸಿನಲ್ಲೇ ಅರ್ಥಮಾಡಿಕೊಳ್ಳಿ ಎಂಬ ಸಂಪ್ರದಾಯ ತನ್ನ ತವರಿನಲ್ಲೇ ಬಾಳಲಿಲ್ಲ.

ಹಾಗೆಂದು ಅಂಗಡಿಗಳಲ್ಲಿ ದುಷ್ಟರಿಲ್ಲ ಎಂದಲ್ಲ. ಹತ್ತು ವರ್ಷದ ಮಗು ಒಂದು ಕಾರ್ಡಿನ ಪರಿಣಾಮ ಹೇಳಲು ಮರೆತಾಗ ಜಡ್ಜನ್ನು ಕೂಗಿ ದಂಡ ಕೇಳುವವನಿದ್ದಾನೆ. ಗೆಲ್ಲುತ್ತಿರುವಾಗ ಬೇಕೆಂದೇ ನಿಧಾನ ಮಾಡಿ ಸಮಯ ತಿನ್ನುವವನಿದ್ದಾನೆ, ಸೋತವನ ಡೆಕ್ಕನ್ನು ಹೀಗಳೆಯುವವನಂತೂ ಎಲ್ಲೆಡೆ. ಇವರನ್ನು ತೋರಿಸಿ ‘ನೋಡಿ, ಗೆಲ್ಲುವ ಹಟದ ಫಲ’ ಎನ್ನುತ್ತಾರೆ. ಮೊದಲನೆಯವನು ರೆಗ್ಯುಲರ್ ಹಂತದ ನಿಯಮವನ್ನೇ ಓದಿಲ್ಲ. ಎರಡನೆಯವನು ಮೋಸಗಾರ. ಮೂರನೆಯವನಿಗೆ ಮನೆಯಲ್ಲಿ ಬುದ್ಧಿ ಹೇಳುವವರಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಮದ್ದು ಅಂಗಡಿಯವರ ಕೈಯಲ್ಲೇ ಇದೆ, ಬೇಕಾದದ್ದು ಅದನ್ನು ಬಳಸುವ ಮನಸ್ಸು. ಅದು ಕಷ್ಟದ ಕೆಲಸ, ಗಿರಾಕಿಯ ಮುಖಕ್ಕೆ ಹೇಳಬೇಕಾಗುತ್ತದೆ. ‘ಎಲ್ಲರೂ ಹಗುರವಾಗಿ ಆಡಿ’ ಎಂದು ಗೋಡೆಗೆ ಚೀಟಿ ಅಂಟಿಸುವುದು ಸುಲಭ.

ಗೆಲ್ಲುವ ಗೊಡವೆಯೇ ಬೇಡ ಎಂಬ ದಿನಗಳು ನನಗೂ ಇವೆ. ಅದಕ್ಕೆಂದೇ ಸಾಮಾನ್ಯವಾಗಿ ಅಂಗಡಿಗಳಲ್ಲಿ ಪಂದ್ಯಕ್ಕೆ ಸೇರದ ಮೇಜುಗಳಿರುತ್ತವೆ. ಶುಲ್ಕವಿಲ್ಲ, ಗಡಿಯಾರವಿಲ್ಲ, ಸೋತರೆ ಬರೆದುಕೊಳ್ಳುವವರಿಲ್ಲ. ಅಲ್ಲಿ ಕೂತು ಬರೀ ಅಳಿಲುಗಳೇ ತುಂಬಿದ ಡೆಕ್ ಆಡುತ್ತೀರಾ, ಕರೆಯಿರಿ, ಚಹಾ ಹಿಡಿದುಕೊಂಡು ಬರುತ್ತೇನೆ. ಆದರೆ ಹೆಸರು ಬರೆಸಿ, ದುಡ್ಡು ಕಟ್ಟಿ, ಮೊದಲ ರೌಂಡಿನ ಪಟ್ಟಿಯಲ್ಲಿ ನನ್ನೆದುರು ನಿಮ್ಮ ಹೆಸರು ಬಂದಿದ್ದರೆ ನನ್ನ ಮುಖ ನೋಡಿ ಕರಗಬೇಡಿ. ಅಳಿಲುಗಳ ಡೆಕ್ಕನ್ನೇ ತನ್ನಿ, ಪರವಾಗಿಲ್ಲ. ಆ ಅಳಿಲುಗಳಿಂದಲೇ ನನ್ನನ್ನು ಸೋಲಿಸಲು ನೋಡಿ.